ಅರಿಶಿನ ದಾರದ ಮುಚ್ಚಳ

ರೇಣುಕ ಆ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ತೆಗೆಯಲೇ ಎಂದು ನನ್ನನ್ನು ಕೇಳಿದ್ದಳು. ಬೇಡ ಎಂದವನು ನಾನು. ಆಮೇಲೆ ಮನೆಮಂದಿಯೆಲ್ಲ ಕೂತು ವಿಚಾರಿಸಿದಾಗ, ಅವಳು ಕೇಳಿದ್ದು ನೆನಪಿಲ್ಲ ಎಂದವನೂ ನಾನೇ. ನೆನಪಿತ್ತು. ಅವಳ ಮಾತು, ನನ್ನ ಮಾತು, ಆಗ ನಾನು ತಿನ್ನುತ್ತಿದ್ದ ಮಂಡಕ್ಕಿಯ ಖಾರ — ಎಲ್ಲವೂ ನೆನಪಿತ್ತು.

ಇದನ್ನು ಹೇಳದೆ ಎಷ್ಟು ಕಾಲ ಕಳೆದೆನೆಂದರೆ, ಆಗ ಅಂಬೆಗಾಲಿಡುತ್ತಿದ್ದ ಅವಳ ಮಗಳು ಈಗ ಬಸ್ಸು ಹಿಡಿದು ಶಿಕಾರಿಪುರದ ಕಾಲೇಜಿಗೆ ಬರುತ್ತಾಳೆ. ದಾರಿಯಲ್ಲಿ ಸಿಕ್ಕರೆ 'ಮಾಮ, ಊಟ ಆಯ್ತಾ?' ಎನ್ನುತ್ತಾಳೆ. ಆಯ್ತು ಎನ್ನುತ್ತೇನೆ. ಅವಳ ಎರಡು ಕಣ್ಣನ್ನೂ ಒಟ್ಟಿಗೆ ನೋಡುವುದಕ್ಕೆ ನನಗೆ ಈಗಲೂ —

ಮೊದಲಿನಿಂದ ಹೇಳಬೇಕು.

ನಾನು ಶಿಕಾರಿಪುರದಲ್ಲಿ ಹೈಸ್ಕೂಲ್ ಮಾಸ್ತರ. ವಿಜ್ಞಾನ ಕಲಿಸುತ್ತೇನೆ. ನನ್ನ ತಾಯಿಯ ತವರು ಸೊರಬದ ಕಡೆಯ ಒಂದು ಹಳ್ಳಿ. ಸೋದರಮಾವ ನಾನು ಓದುವಾಗಲೇ ಹೋಗಿಬಿಟ್ಟಿದ್ದ. ಅವನ ಹೆಂಡತಿ ಹುಚ್ಚಮ್ಮತ್ತೆ ಮನೆ ನಡೆಸುತ್ತಿದ್ದಳು. ಅವಳ ಮಗ ಮಂಜಪ್ಪ, ನನಗೆ ಭಾವ. ಅವನ ಹೆಂಡತಿ ರೇಣುಕ, ತಾಳಗುಂದದ ಕಡೆಯವಳು. ಜೋಳದ ಹೊಲ, ಕುರಿ ಹಟ್ಟಿ ನೋಡಿಕೊಂಡು ಬೆಳೆದವಳು. ನಂಟಿನ ಲೆಕ್ಕದಲ್ಲಿ ನನಗೆ ತಂಗಿ. 'ಅಣ್ಣಾ' ಎಂದೇ ಕರೆಯುತ್ತಿದ್ದಳು. ಈಗಲೂ ಹಾಗೇ ಕರೆಯುತ್ತಾಳೆ. ಆ ಮಾತಿಗೆ ನಾನು ಈಗಲೂ ಓಗೊಡುತ್ತೇನೆ.

ಹುಚ್ಚಮ್ಮತ್ತೆಯ ಕೈಯ ಅಕ್ಕಿಬೋಜ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಕೆಂಪಕ್ಕಿಯ ಅನ್ನ ಉದುರುದುರಾಗಿ ಬೇಯಿಸಿ, ಚಾಪೆಯ ಮೇಲೆ ಹರವಿ ಆರಿಸುತ್ತಿದ್ದಳು. ಯಾವುದೋ ತೊಗಟೆ, ಯಾವುದೋ ಬೇರು ಕುಟ್ಟಿ ಅಕ್ಕಿಹಿಟ್ಟಿನಲ್ಲಿ ಕಲಸಿ ಒಣಗಿಸಿಟ್ಟ ಬಿಲ್ಲೆಗಳನ್ನು ಪುಡಿ ಮಾಡಿ ಆ ಅನ್ನಕ್ಕೆ ಬೆರೆಸಿ, ಮಣ್ಣಿನ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಮಗ್ಗುಲಲ್ಲಿಡುತ್ತಿದ್ದಳು. ಕೆಲವು ದಿನಕ್ಕೆ ಅನ್ನ ರಸ ಬಿಟ್ಟು ಮನೆತುಂಬ ಒಂದು ಸಿಹಿ-ಹುಳಿ ವಾಸನೆ ಹಬ್ಬುತ್ತಿತ್ತು. ಆಮೇಲೆ ನೀರು ಹೊಯ್ದು, ಮತ್ತೆ ಬಿಟ್ಟು, ಸೋಸಿದರೆ ಬೋಜ, ಅಂದರೆ ಅಕ್ಕಿಯ ಹೆಂಡ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ಕದಡು.

ಅದರಲ್ಲಿ ಮೊದಲ ಪಾಲು ಹಿರಿಯರಿಗೆ. ಹಿರಿಯರ ಹಬ್ಬದ ದಿನ ತೀರಿಹೋದವರ ಹೆಸರಿನಲ್ಲಿ ಎಲೆ ಹಾಕಿ ಎಡೆ ಇಡುವಾಗ, ಎಲೆಯ ಪಕ್ಕ ಬೋಜ ಇಡಬೇಕು. ಆ ಪಾಲನ್ನು ಮೊದಲೇ ಒಂದು ಸಣ್ಣ ಕುಡಿಕೆಗೆ ತೆಗೆದು, ಬಾಯಿಗೆ ಬಾಳೆಎಲೆ, ಮೇಲೆ ಬಟ್ಟೆ, ಅದರ ಮೇಲೆ ಅರಿಶಿನ ಹಚ್ಚಿದ ದಾರ ಕಟ್ಟಿ ದೇವರ ಮಾಡದಲ್ಲಿ ಇಡುತ್ತಿದ್ದರು. ದಾರ ಕಟ್ಟಿದ ಮೇಲೆ ಮುಗಿಯಿತು. ಎಡೆಯ ಹೊತ್ತಿನ ತನಕ ಅದನ್ನು ಯಾರೂ ಬಿಚ್ಚುವಂತಿಲ್ಲ, ಮೂಸುವಂತಿಲ್ಲ. ಬಿಚ್ಚಿದರೆ ಹಿರಿಯರ ಪಾಲು ಎಂಜಲಾದಂತೆ.

ಬಟ್ಟೆ ಕಟ್ಟಿದ ಕುಡಿಕೆಗೆ ಆ ಕಟ್ಟಳೆಯಿಂದ ಏನೂ ತೊಂದರೆ ಇರಲಿಲ್ಲ. ಹುದುಗುವಾಗ ಹುಟ್ಟುವ ಗಾಳಿ ಬಟ್ಟೆಯ ಸಂದಿಯಲ್ಲಿ ಹೋಗುತ್ತಿತ್ತು. ತೊಂದರೆ ತಂದವನು ನಾನು.

ಓದಿದವನಲ್ಲವೇ. ಬೋಜವನ್ನು ಸುಧಾರಿಸುತ್ತೇನೆಂದು ಹೊರಟೆ. ಮೊದಲು ಶಿಕಾರಿಪುರದ ಮನೆಯಲ್ಲೇ ಮಾಡಿ ನೋಡಿದೆ. ಗಸಿ ತಳಕ್ಕೆ ಇಳಿಯುವ ತನಕ ಕಾದು, ಮೇಲಿನ ತಿಳಿಯನ್ನು ಸಣ್ಣ ಪೈಪಿನಲ್ಲಿ ಎಳೆದು, ಬಾಟಲಿಗೆ ತುಂಬಿ, ಚೂರು ಬೆಲ್ಲ ಹಾಕಿ ಬಿಗಿಯಾಗಿ ಮುಚ್ಚಿದೆ. ಮುಚ್ಚಿದ ಬಾಟಲಿಯಲ್ಲಿ ಬೆಲ್ಲ ಮತ್ತೆ ಹುದುಗಿ ಗಾಳಿ ಒಳಗೇ ಉಳಿಯುತ್ತದೆ. ತೆರೆದರೆ ನೊರೆ ಉಕ್ಕುತ್ತದೆ. ಮುಂದಿನ ಹಬ್ಬಕ್ಕೆ ಒಯ್ದಾಗ ನೆಂಟರೆಲ್ಲ ಲೋಟ ಹಿಡಿದು ನನ್ನ ಸುತ್ತ ನಿಂತರು.

'ಇದು ಬೋಜ ಅಲ್ಲ ಭಾವ, ಗೋಲಿಸೋಡ' ಎಂದ ಮಂಜಪ್ಪ, ಮತ್ತೊಂದು ಲೋಟಕ್ಕೆ ಕೈ ಚಾಚುತ್ತ.

ಯಾರೋ ಅದಕ್ಕೆ ಮಾಸ್ತರ ಬೋಜ ಎಂದು ಹೆಸರಿಟ್ಟರು. ನನಗೆ ಅಷ್ಟು ಸಾಕಾಯಿತು. ಪಾಠ ಮಾಡುವ ಮನುಷ್ಯನಿಗೆ ಮೆಚ್ಚುಗೆ ಸಿಗುವುದು ಅಪರೂಪ — ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೊಗಳಿಕೆಯ ರುಚಿ ಹತ್ತಿತ್ತು. ಅಷ್ಟೇ.

ಅದರ ಮರುವರ್ಷ ದಸರಾ ರಜೆ ಸಿಕ್ಕ ಕೂಡಲೆ ಹೋಗಿ ಹಬ್ಬದ ತನಕ ಅಲ್ಲೇ ಉಳಿದೆ. ಗುಜರಿ ಅಂಗಡಿಯಿಂದ ಗಾಜಿನ ಬಾಟಲಿಗಳನ್ನು ಆರಿಸಿ ತೊಳೆದು ಒಯ್ದಿದ್ದೆ. ಹಣ್ಣಿನ ರಸ ತುಂಬಿ ಬರುವ, ತಗಡಿನ ತಿರುಪು ಮುಚ್ಚಳದ ಬಾಟಲಿಗಳು. ನೋಡಲು ಚೆಂದ. ಗಾಜು ತೆಳ್ಳಗೆ. ಸೋಡಾ ಬಾಟಲಿಯ ದಪ್ಪ ಗಾಜು ಯಾಕೆ ದಪ್ಪವಿರುತ್ತದೆಂದು ತಿಳಿಯದವನಲ್ಲ ನಾನು.

ಹಿರಿಯರ ಪಾಲನ್ನೂ ಈ ಸಲ ಬಾಟಲಿಯಲ್ಲೇ ಇಡೋಣ ಎಂದೆ. ಕುಡಿಕೆಗೆ ಇರುವೆ ಹತ್ತುತ್ತದೆ, ಗಾಜಾದರೆ ಶುದ್ಧ ಎಂದು ಅತ್ತೆಗೆ ಹೇಳಿದೆ.

'ಸತ್ತೋರಿಗೆ ಬಿಕ್ಕಳಿಕೆ ಬರಸ್ತಿ ಕಾಣ್ತದೆ ನೀನು' ಎಂದು ನಕ್ಕಳು ಅತ್ತೆ. 'ಆತು ಮಾರಾಯ. ಆದ್ರೆ ಹಿರೇರ್ ಪಾಲಿಗೆ ಬೆಲ್ಲ ಗಿಲ್ಲ ಎಂತದೂ ಹಾಕಂಗಿಲ್ಲ. ಅಕ್ಕಿ, ಬಿಲ್ಲೆ, ನೀರು. ತಿಳೀತಾ?'

'ತಿಳೀತು ಅತ್ತೆ' ಎಂದೆ.

ಹಾಕಿದೆ. ಅವಳು ಕೊಟ್ಟಿಗೆಗೆ ಹೋದಾಗ ಹಿರಿಯರ ಬಾಟಲಿಗೆ ಬೆಲ್ಲ ಹಾಕಿದೆ, ಮಿಕ್ಕ ಬಾಟಲಿಗಳಿಗಿಂತ ಹೆಚ್ಚು. ಎಲ್ಲರ ಎದುರು ದಾರ ಬಿಚ್ಚಿದ ಕೂಡಲೆ ನೊರೆ ಉಕ್ಕಿ ಎಲೆಯ ಮೇಲೆ ಸುರಿಯಬೇಕು, ಎಲ್ಲರೂ ನನ್ನ ಕಡೆ ತಿರುಗಬೇಕು — ಇದು ನನ್ನ ಮನಸ್ಸಿನಲ್ಲಿದ್ದ ಚಿತ್ರ. ಅತ್ತೆ ಬಂದು ಕುಡಿಕೆಗೆ ಕಟ್ಟುವ ಹಾಗೆಯೇ ಬಾಟಲಿಯ ಮುಚ್ಚಳದ ಸುತ್ತ ಅರಿಶಿನ ದಾರ ಸುತ್ತಿ, ಗಂಟು ಬಿಗಿದು, ಮಾಡದಲ್ಲಿಟ್ಟು ಕೈ ಮುಗಿದಳು. ಪಕ್ಕದಲ್ಲಿ ದೀಪ. ಗೋಡೆಯ ಆಚೆ ಅಡಿಗೆ ಒಲೆ. ಅಲ್ಲಿ ಹಗಲೆಲ್ಲ ಬೆಚ್ಚಗಿರುತ್ತಿತ್ತು.

ನೆಂಟರಿಗೆಂದಿಟ್ಟ ಬಾಟಲಿಗಳ ಮುಚ್ಚಳವನ್ನು ದಿನಾ ನಾನೇ ಒಂದಿಷ್ಟು ಸಡಿಲಿಸಿ ಗಾಳಿ ಬಿಡುತ್ತಿದ್ದೆ. ಹಾವು ಬುಸುಗುಟ್ಟಿದ ಹಾಗೆ ಸದ್ದಾಗುತ್ತಿತ್ತು. ಯಾಕೆ ಬಿಡುತ್ತಿದ್ದೆ? ಬಿಡದಿದ್ದರೆ ಒಡೆಯುತ್ತದೆಂದು ಗೊತ್ತಿದ್ದರಿಂದ. ಮಾಡದಲ್ಲಿದ್ದ ಬಾಟಲಿಯನ್ನು ಮಾತ್ರ ಮುಟ್ಟಲಾಗುತ್ತಿರಲಿಲ್ಲ — ದಾರ ಕಟ್ಟಿತ್ತಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಜಗುಲಿಯಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದೆ. ಮಾಡ ಒರೆಸುತ್ತಿದ್ದ ರೇಣುಕ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು.

'ಅಣ್ಣಾ, ಹಿರೇರ್ ಬಾಟ್ಲಿ ಮುಚ್ಚಳ ಉಬ್ಬೈತಿ ನೋಡ್ರಿ. ಅಂಚಿನಾಗೆ ನೊರಿ ಬಂದೈತಿ. ಚೂರು ಸಡ್ಲ ಮಾಡ್ಲೇನ್ರಿ?'

ಎದ್ದು ಹೋಗಿ ನೋಡಬಹುದಿತ್ತು. ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಅವಳು ಹೇಳಿದಷ್ಟರಲ್ಲೇ ಎಲ್ಲ ಇತ್ತು. ಸಡಿಲಿಸು ಎಂದರೆ ದಾರ ಬಿಚ್ಚಬೇಕು. ದಾರ ಬಿಚ್ಚಲು ಅತ್ತೆಗೆ ಕಾರಣ ಹೇಳಬೇಕು. ಕಾರಣವೆಂದರೆ ಬೆಲ್ಲ.

'ಮುಟ್ಟಬೇಡ ಮಾರಾಯ್ತಿ' ಎಂದೆ. 'ಏನೂ ಆಗಲ್ಲ.'

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂಬಂತೆ ತಲೆಯಾಡಿಸಿ ಒಳಗೆ ಹೋದಳು.

ಮರುದಿನ ಎಡೆಯ ಹೊತ್ತು. ನಡುಮನೆಯಲ್ಲಿ ಬಾಳೆಎಲೆಗಳ ಸಾಲು. ಅತ್ತೆ ಅಂದು ಉತ್ಸಾಹದಲ್ಲಿದ್ದಳು. ತಾನೇ ತರಬೇಕಿದ್ದ ಬೋಜವನ್ನು ಸೊಸೆಯಿಂದ ತರಿಸಿದಳು. 'ಈ ವರ್ಷದಿಂದ ನೀನೇ ತಂದಿಡೆ. ನಂಗೂ ಸೊಂಟ ಬಗ್ಗದಿಲ್ಲ' ಎಂದಳು. ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ. ರೇಣುಕ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಮುಖ — ಆ ಮುಖ ಹಾಗೆ ಇಡಿಯಾಗಿ ಇದ್ದದ್ದನ್ನು ನೋಡಿದ ಕೊನೆಯ ಗಳಿಗೆ ಅದು.

ಮಾಡದಿಂದ ಬಾಟಲಿ ತೆಗೆದು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು ತಿರುಗಿದಳು. ನಾನು ಎದುರಿಗೇ ಕೂತಿದ್ದೆ. ಮುಚ್ಚಳ ಗುಮ್ಮಟದಂತೆ ಉಬ್ಬಿದ್ದು ಕಂಡಿತು. ಬಾಯಿ ತೆರೆದೆ. ಇಡು ಎನ್ನಬೇಕೆಂದೇ ತೆರೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಸದ್ದು ಬರಲಿಲ್ಲ, ಎಲ್ಲರೂ ನೋಡುತ್ತಿದ್ದರು, ಇನ್ನು ನಾಲ್ಕು ಹೆಜ್ಜೆ ದಾಟಿದರೆ —

ಒಡೆಯಿತು. ಸದ್ದಿಗಿಂತ ಮೊದಲು ಬೋಜದ ವಾಸನೆ ಮುಖಕ್ಕೆ ಬಡಿಯಿತೆಂದು ನನ್ನ ನೆನಪು. ಹಾಗಿರಲು ಸಾಧ್ಯವಿಲ್ಲ, ಆದರೂ ಪ್ರತಿ ಸಲ ಹಾಗೇ ಬರುತ್ತದೆ. ಎಲೆಯ ಮೇಲಿನ ಅನ್ನದ ತುಂಬ ಗಾಜು. ರೇಣುಕ ಕೂಗಲಿಲ್ಲ. ಎರಡೂ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಕೂತಳು. ಬೆರಳ ಸಂದಿಯಿಂದ ರಕ್ತ ಇಳಿದು, ಬಿಳಿಯ ಬೋಜದಲ್ಲಿ ಬೆರೆತು, ಎಲೆಗಳ ಕಡೆಗೆ ಹರಿಯಿತು.

ಎಲ್ಲರೂ ಅವಳ ಕಡೆ ಓಡಿದರು. ನಾನೂ ಎದ್ದೆ. ಕಾಲಿಗೆ ಏನೋ ತಾಗಿತು. ಮುಚ್ಚಳ. ಬಾಟಲಿಯ ಕತ್ತಿನ ಚೂರು ಇನ್ನೂ ಅದರಲ್ಲಿ ಸಿಕ್ಕಿಕೊಂಡಿತ್ತು. ಸುತ್ತಲೂ ಅರಿಶಿನ ದಾರ, ಅತ್ತೆ ಹಾಕಿದ ಗಂಟು ಇದ್ದಂತೆಯೇ ಇತ್ತು.

ಬಗ್ಗಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಯಾಕೆ? ಆ ಗಳಿಗೆಯಲ್ಲಿ ಲೆಕ್ಕಾಚಾರ ಮಾಡಿದೆನೇ? ಅವಳ ಕಣ್ಣು ಹೋಗುತ್ತಿದ್ದಾಗ ನಾನು — ಹೌದು. ಉಬ್ಬಿದ ಮುಚ್ಚಳ ಯಾರ ಕಣ್ಣಿಗಾದರೂ ಬಿದ್ದರೆ ಏನು ಹಾಕಿದ್ದೆ ಎಂದು ಕೇಳುತ್ತಾರೆಂಬುದಷ್ಟೇ ಹೊಳೆಯಿತು. ಅಷ್ಟು ಬೇಗ ಕೈ ಕೆಲಸ ಮಾಡಿತು. ಇಡು ಎನ್ನಲು ಬಾಯಿ ಮಾತ್ರ ಕೆಲಸ ಮಾಡಿರಲಿಲ್ಲ.

ಸೊರಬದ ಆಸ್ಪತ್ರೆಯಿಂದ ಶಿವಮೊಗ್ಗಕ್ಕೆ ಕಳಿಸಿದರು. ಮನೆಯಲ್ಲಿ ಬೋಜ ಮಾಡುವುದು ಕಾನೂನಿಗೆ ವಿರುದ್ಧ, ಅಬಕಾರಿಯವರ ಭಯ. ಸೋಡಾ ಬಾಟಲಿ ಒಡೆಯಿತು ಎಂದ ಮಂಜಪ್ಪ. ಡಾಕ್ಟರು ನಮ್ಮನ್ನೊಮ್ಮೆ ನೋಡಿ, ಮೂಗಿನ ಹೊಳ್ಳೆ ಹಿಗ್ಗಿಸಿ, ಹಾಗೆಯೇ ಬರೆದುಕೊಂಡರು. ಈಗ ಯೋಚಿಸಿದರೆ, ಆಸ್ಪತ್ರೆಯಲ್ಲಿ ಹೇಳಿದ ಆ ಸುಳ್ಳು, ಆಮೇಲೆ ಮನೆಯಲ್ಲಿ ನಿಜವೆಂದು ನಿಂತ ಮಾತಿಗಿಂತ ನಿಜಕ್ಕೆ ಹತ್ತಿರವಿತ್ತು.

ಎಡಗಣ್ಣು ಉಳಿಯಲಿಲ್ಲ.

ಅವಳು ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ ಮೇಲೆ ವಿಚಾರಣೆ ನಡೆಯಿತು. ಅತ್ತೆ ಕೆಟ್ಟವಳಲ್ಲ. ಆಸ್ಪತ್ರೆಯಲ್ಲಿ ಸೊಸೆಯ ತಲೆ ಬಾಚಿದವಳು ಅವಳೇ. ಆದರೆ ಎಡೆಯ ಮೇಲೆ ರಕ್ತ ಹರಿದಿತ್ತು. ಹಿರಿಯರು ಮುನಿದಿದ್ದಾರೆ, ಅದಕ್ಕೊಂದು ಕಾರಣ ಬೇಕಿತ್ತು ಅವಳಿಗೆ. ಗಾಜಿನ ಚೂರನ್ನೆಲ್ಲ ಅವಳೇ ಗುಡಿಸಿ ತೆಗೆದಿದ್ದಳು. ಎಲ್ಲ ಸಿಕ್ಕಿತ್ತು. ಮುಚ್ಚಳವಿಲ್ಲ, ದಾರವಿಲ್ಲ.

'ನಾನು ಗಂಟು ಹಾಕಿದ್ದೆ' ಎಂದಳು ಅತ್ತೆ. 'ದಾರ ಎಲ್ ಹೋತು? ಖರೇ ಹೇಳೇ. ಮೊದ್ಲೇ ಬಿಚ್ಚಿ ನೋಡಿದ್ಯನೆ?'

'ಇಲ್ರೀ ಅತ್ತಿ. ಬಿಚ್ಚಿಲ್ಲ.'

'ನಿಮ್ ಕಡೆ ಇದೆಲ್ಲ ಇಲ್ಲ. ತಿಳೀದೆ ಮುಟ್ಟಿರ್ತೀಯ. ಹೇಳಿಬಿಡು, ತಪ್ಪುಕಾಣಿಕೆ ಕಟ್ಟಾಣ.'

'ಮುಚ್ಚಳ ಉಬ್ಬಿದ್ದು ನೋಡಿದ್ದೆ ಅತ್ತಿ. ಅಣ್ಣನ್ನ ಕೇಳ್ದೆ. ಬ್ಯಾಡ ಅಂದ್ರು. ಬಿಟ್ಟೆ. ಅಣ್ಣಾ, ಹೇಳ್ರಿ.'

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಯಸಿದ್ದೂ ಅದೇ ಅಲ್ಲವೇ, ಎಲ್ಲರೂ ನನ್ನ ಕಡೆ ತಿರುಗಬೇಕೆಂದು.

'ನಂಗೆ ನೆನಪಿಲ್ಲ ಅತ್ತೆ' ಎಂದೆ. 'ಕೇಳಿದ ಹಾಗೆ ಇಲ್ಲಪ್ಪ.'

ರೇಣುಕ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಹುಡುಕುವ ಹಾಗೆ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. ಮುಚ್ಚಳ ಆಗ ನನ್ನ ಚೀಲದಲ್ಲೇ ಇತ್ತು, ಕರವಸ್ತ್ರದಲ್ಲಿ ಸುತ್ತಿಕೊಂಡು.

ಅಂದಿನಿಂದ ಆ ಮನೆಯಲ್ಲಿ ಅವಳು ಎಡೆ ಮುರಿದವಳು. ಯಾರೂ ಹೊಡೆಯಲಿಲ್ಲ, ತವರಿಗೆ ಅಟ್ಟಲಿಲ್ಲ. ಹಬ್ಬದ ದಿನ ಮಾತ್ರ ಒಳಗೆ ಬರುವಂತಿಲ್ಲ. ಅಡಿಗೆಗೆ ಕೈ ಹಾಕುವಂತಿಲ್ಲ, ಎಡೆ ಮುಗಿಯುವ ತನಕ ಕೊಟ್ಟಿಗೆಯ ಕಡೆ ಕೂತಿರಬೇಕು. ಎಮ್ಮೆ ಸತ್ತರೆ ಅತ್ತೆ ಸುಮ್ಮನೆ ಅವಳ ಕಡೆ ಒಮ್ಮೆ ನೋಡುತ್ತಿದ್ದಳು. ಮೊಮ್ಮಗಳಿಗೆ ಜ್ವರ ಬಂದರೂ ಅದೇ ನೋಟ. ಮಂಜಪ್ಪ ಹೆಂಡತಿಯ ಪರ ಮಾತಾಡಲಿಲ್ಲ, ಎದುರೂ ಆಡಲಿಲ್ಲ. ಅತ್ತೆ ಬೋಜ ಮಾಡುವುದನ್ನು ಬಿಟ್ಟಳು. ಬಿಲ್ಲೆಗೆ ಬೇಕಾದ ಬೇರು-ತೊಗಟೆಯನ್ನು ಸೊಸೆಗೆ ತೋರಿಸಲೂ ಇಲ್ಲ. ಅಂಥವಳ ಕೈಗೆ ಹೇಗೆ ಕೊಡುವುದು ಎಂದು ನನ್ನ ಹತ್ತಿರವೇ ಹೇಳಿದ್ದಳು. ನಾನು ಕೇಳಿಸಿಕೊಂಡು ಕಾಫಿ ಕುಡಿದೆ.

ಪ್ರತಿ ವರ್ಷ ಹೋಗುತ್ತಿದ್ದೆ. ಎಡೆಯ ಊಟ ಉಣ್ಣುತ್ತಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದರೆ ಕೊಟ್ಟಿಗೆಯ ಕಟ್ಟೆಯ ಮೇಲೆ ರೇಣುಕ ಕೂತಿರುತ್ತಿದ್ದಳು. 'ಉಂಡ್ರಾ ಅಣ್ಣಾ?' ಎಂದು ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದಳು. ಒಂದು ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಮೊದಮೊದಲು ನೀರು ನನ್ನ ಕಾಲಿನ ಮೇಲೆ ಬೀಳುತ್ತಿತ್ತು. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದು, ಚೊಂಬನ್ನು ಬೆರಳಿಗೆ ತಾಗಿಸಿ ಹೊಯ್ಯುವುದನ್ನು ಕಲಿತಳು.

ಶಾಲೆಯಲ್ಲಿ ಹುದುಗುವಿಕೆಯ ಪಾಠ ಬಂದಾಗ ಬಾಟಲಿಯ ಬಾಯಿಗೆ ಬಲೂನು ಕಟ್ಟಿ ಉಬ್ಬುವುದನ್ನು ತೋರಿಸುತ್ತಿದ್ದವನು, ಆ ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸುತ್ತೇನೆ. ಯಾರೂ ಯಾಕೆಂದು ಕೇಳಿಲ್ಲ.

ಹೇಳಬೇಕೆಂದು ಎಷ್ಟು ಸಲ ಹೊರಟೆ. ಅತ್ತೆಗೆ ವಯಸ್ಸಾಯಿತು, ಈಗ ಬೇಡ ಎಂದುಕೊಂಡೆ. ಅತ್ತೆ ಹಾಸಿಗೆ ಹಿಡಿದಳು, ಈಗಂತೂ ಬೇಡ ಎಂದುಕೊಂಡೆ. ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಮಲಮೂತ್ರ ಬಳಿದವಳು ರೇಣುಕ. ಅತ್ತೆ ಕೊನೆಯ ತನಕ ಸೊಸೆ ತಪ್ಪು ಮಾಡಿದಳೆಂದೇ ನಂಬಿ ಹೋದಳು.

ಸೂತಕದ ದಿನಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಮಂಜಪ್ಪ ಗದ್ದೆಗೆ ಹೋಗಿದ್ದ. ರೇಣುಕ ಲೋಟದ ಅಂಚಿಗೆ ಪಾತ್ರೆಯ ಮೂತಿ ತಾಗಿಸಿ ಚಹಾ ಬಗ್ಗಿಸುತ್ತಿದ್ದಳು. ನಿಂತೇ ಹೇಳಿದೆ. ನೀನು ಕೇಳಿದ್ದೆ, ಬೇಡವೆಂದೆ, ಬೆಲ್ಲ ಹಾಕಿದ್ದೆ, ಎಲ್ಲವನ್ನೂ.

ಅವಳು ಪಾತ್ರೆಯನ್ನು ಕೆಳಗಿಟ್ಟಳು.

'ಕೇಳಿದ್ದು ನಾನು, ಬ್ಯಾಡ ಅಂದಿದ್ದು ನೀವು. ನಂಗೆ ಗೊತ್ತಿರೋದನ್ನ ನಂಗ್ಯಾಕೆ ಹೇಳ್ತೀರಿ ಅಣ್ಣಾ?'

ಜೇಬಿನಿಂದ ಮುಚ್ಚಳ ತೆಗೆದು ಚಹಾದ ಪಕ್ಕ ಇಟ್ಟೆ. ತಗಡು ತುಕ್ಕು ಹಿಡಿದಿತ್ತು. ದಾರದ ಬಣ್ಣ ಹೋಗಿತ್ತು, ಗಂಟು ಇತ್ತು.

ಬೆರಳಿನಿಂದ ಗಂಟನ್ನು ಮುಟ್ಟಿದಳು.

'ಇದು ನಿಮ್ ಹತ್ರ ಇತ್ತಾ?'

'ಅವತ್ತೇ ತಗೊಂಡಿದ್ದೆ.'

'ಹಂಗಾದ್ರೆ ನೀವು ಮರ್ತಿರ್ಲಿಲ್ಲ' ಎಂದಳು. 'ಗಾಬ್ರಿಯಾಗೆ ಮರ್ತಿರ್ತಾರೆ ಅಂದ್ಕೊಂಡಿದ್ದೆ ನಾನು. ಇಷ್ಟು ವರ್ಷ. ಅಣ್ಣ ಸುಳ್ಳು ಹೇಳೋರಲ್ಲ, ಮರ್ತಾರೆ ಅಂತ.'

ಅವಳು ನನ್ನನ್ನು ಎಂದೋ ಕ್ಷಮಿಸಿದ್ದಳು — ಮರೆತವನೆಂದು. ಆ ಕ್ಷಮೆಯನ್ನು ನಾನೇ ಈಗ ಅವಳ ಎದುರಿಗಿಟ್ಟು ಸುಳ್ಳು ಮಾಡಿದ್ದೆ. ನೀರು ಹೊಯ್ಯುವಾಗ ಹಿಡಿಯುತ್ತಿದ್ದ ಮಣಿಕಟ್ಟು ಯಾರದೆಂದು ಅವಳಿಗೆ ಅಂದು ತಿಳಿಯಿತು.

ಹೊರಡುವಾಗ ಇಷ್ಟೇ ಕೇಳಿದೆ. ನಾನು ಈಗ ಏನು ಮಾಡಲಿ?

'ಗೊತ್ತಿಲ್ದೋರಿಗೆ ಹೇಳ್ರಿ' ಎಂದಳು. ಮುಚ್ಚಳವನ್ನು ನನ್ನ ಕಡೆಗೇ ಸರಿಸಿದಳು. 'ಈ ಸಲ ಅತ್ತಿಗೂ ಎಲಿ ಹಾಕ್ತಾರೆ. ಎಲ್ಲಾರೂ ಬರ್ತಾರೆ. ನಾನಂತೂ ಒಳಗೆ ಬರಂಗಿಲ್ಲ, ಕೊಟ್ಟಿಗಿಯಾಗೆ ಇರ್ತೀನಿ. ಅಲ್ಲಿಗೆ ಕೇಳೋ ಹಂಗೆ ಹೇಳ್ರಿ.'

ಚಹಾ ಕುಡೀರಿ ಎನ್ನಲಿಲ್ಲ. ಆ ಮನೆಯಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು.

ಹಬ್ಬ ಹತ್ತಿರ ಬಂದಿದೆ. ಮಂಜಪ್ಪ ಕರೆದು ಹೋಗಿದ್ದಾನೆ, ಅವ್ವನ ಮೊದಲ ಎಡೆ, ಬೇಗ ಬಾ ಭಾವ ಎಂದಿದ್ದಾನೆ. ಇದನ್ನು ಮೊದಲು ಬರೆದಿಟ್ಟಿದ್ದೇಕೆಂದರೆ, ನನ್ನ ನಾಲಿಗೆಯನ್ನು ನಾನು ಬಲ್ಲೆ. ಎಲ್ಲರೂ ತಿರುಗಿ ನೋಡಿದಾಗ ಅದು ಏನು ಮಾಡುತ್ತದೆಂದು ಬಲ್ಲೆ. ಓದಿದವರಿಗೆ ತಿಳಿದಿರಲಿ, ಆಮೇಲೆ ನನಗೆ ಮರೆಯುವ ದಾರಿ ಇರದಿರಲಿ.

ಬೋಜವಿಲ್ಲದ ಆ ಎಡೆಯಲ್ಲಿ, ಅತ್ತೆಯ ಎಲೆಯ ಪಕ್ಕ, ಕುಡಿಕೆ ಇಡುತ್ತಿದ್ದ ಜಾಗದಲ್ಲಿ ಮುಚ್ಚಳವನ್ನು ಇಡುತ್ತೇನೆ. ಅವಳು ಹಾಕಿದ ಗಂಟು ಅವಳಿಗೆ ಗುರುತು ಸಿಗುತ್ತದೆ. ಹಿತ್ತಲ ಬಾಗಿಲನ್ನು ತೆರೆದಿಡುತ್ತೇನೆ. ನಡುಮನೆಯಿಂದ ಕೊಟ್ಟಿಗೆಗೆ ದೂರ ಬಹಳವಿಲ್ಲ — ಆದರೂ, ಗಟ್ಟಿಯಾಗಿ ಹೇಳಬೇಕು.